ಆಹಾರಕ್ಕೆ ಸಂಬಂಧಿಸಿದ ಅಶಿಸ್ತು

ಗಾಲ್ವೇ
೯ ಫೆಬ್ರವರಿ ೨೦೨೫, ಭಾನುವಾರ

ಡಬ್ಲಿನ್ನಿನ ಅಂಚಿನ ಕ್ಲಾಂಡಾಲ್ಕಿನ್ ಮಹಾನಗರದ ಸಮಸ್ತ ನಾಗರಿಕ ಬಂಧುಗಳೇ, ಇಲ್ಲದ ವೇದಿಕೆಯ ಮೇಲೆ ಇಲ್ಲದ ಕುರ್ಚಿಗಳಲ್ಲಿ ಆಸೀನರಾಗಿರುವ ಗಣ್ಯರೇ, ಜಾಗ ಸಿಗದೆ ಹಿಂದೆ ನಿಂತಿರುವ ತಾಯಂದಿರೇ, ಇವರೆಲ್ಲರ ಪರವಾಗಿ ಲಕೋಟೆ ಒಡೆಯುವ ನನ್ನ ಒಬ್ಬಳೇ ತಂಗಿ ಚಿ. ಸೌ. ಮಧುಶ್ರೀಯೇ,

ಈ ಕಾಗದ ಯಾಕೆ ಎಂಬುದನ್ನು ಮೊದಲು ಸಭೆಗೆ ತಿಳಿಸಬೇಕು. ಶುಕ್ರವಾರ ಫೋನಿನಲ್ಲಿ ನೀನು ನನ್ನನ್ನು ಹೇಡಿ ಅಂದೆ. ನಾನು ನಿನ್ನನ್ನು ಬೀದಿ ಭಾಷಣಕಾರ್ತಿ ಅಂದೆ. ಇಬ್ಬರೂ ಒಟ್ಟಿಗೆ ಫೋನ್ ಇಟ್ಟೆವು. ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದ ನಿನ್ನ ಅತ್ತಿಗೆ ಶಕುಂತಲಾ ತೀರ್ಪು ಕೊಟ್ಟಳು: "ನೀವಿಬ್ರೂ ಬಾಯಲ್ಲಿ ಮಾತಾಡಿದ್ರೆ ವಿಷಯ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಮಾತಾಡ್ತೀರಿ. ಇನ್ಮೇಲೆ ಕಾಗದ ಬರ್ಕೊಳಿ. ಸ್ಟಾಂಪ್ ಅಂಟಿಸೋ ಹೊತ್ಗೆ ಅರ್ಧ ಸಿಟ್ಟು ಇಳಿದಿರತ್ತೆ." ಆ ನ್ಯಾಯಾಲಯಕ್ಕೆ ಮೇಲ್ಮನವಿ ಇಲ್ಲ. ಆದ್ದರಿಂದ ಸ್ಟಾಂಪು.

ಪೂರ್ತಿ ಕೇಳುವ ಮೊದಲೇ ನೀನು ಬೈದೆ, ಈಗ ಪೂರ್ತಿ ಕೇಳು.

ನಮ್ಮ ಸಿಂಧುವಿನ ಶಾಲೆಯಲ್ಲಿ ವರ್ಷಕ್ಕೊಮ್ಮೆ ಇಂಟರ್‌ನ್ಯಾಷನಲ್ ಡೇ. ಹಾಲಿನ ತುಂಬ ಮೇಜು, ಮೇಜಿಗೊಂದು ದೇಶ, ದೇಶಕ್ಕೊಂದು ಬಾವುಟ, ಬಾವುಟದ ಕೆಳಗೆ ಒಂದು ತಿಂಡಿ. ಭಾರತದ ಮೇಜಿಗೆ ಸತತ ಎರಡನೇ ವರ್ಷ ನಾನೇ ಯಜಮಾನ. ನಮ್ಮ ಮನೆಯಲ್ಲಿ ಯಾರೂ ಸಮೋಸ ಮಾಡಿದವರಲ್ಲ. ಅರಸೀಕೆರೆಯಲ್ಲಿ ನಾವು ಅದನ್ನು ಕಂಡದ್ದೇ ಬಸ್ ಸ್ಟ್ಯಾಂಡಿನ ಗಾಜಿನ ಪೆಟ್ಟಿಗೆಯಲ್ಲಿ. ಆದರೆ ಚಿತ್ರಾನ್ನ ಇಟ್ಟರೆ ಇಲ್ಲಿಯವರು ಸಾರು ಹಾಕಲು ಮರೆತಿದ್ದಾರೆ ಅಂದುಕೊಳ್ಳುತ್ತಾರೆ. ಹೀಗಾಗಿ ದೇಶಕ್ಕಾಗಿ ಕರಿದೆ, ದೇಹವೆಲ್ಲ ಬೆವರಿದೆ.

ಸಿಂಧು ಮಾತ್ರ ಗಾಲ್ವೇ ತಂಡದ ಕಡುಗೆಂಪು ಜೆರ್ಸಿ ಹಾಕಿ, ಐರ್ಲೆಂಡ್ ಮೇಜಿನ ಹಿಂದೆ ನೀವ್ ಎಂಬ ಗೆಳತಿಯ ಜೊತೆ ನಿಂತು ಸೋಡಾ ಬ್ರೆಡ್ ಹಂಚುತ್ತಿದ್ದಳು. ಹುಟ್ಟಿದ್ದು ಈ ಊರಿನ ಆಸ್ಪತ್ರೆಯಲ್ಲಿ, ಆಡುವುದು ಶಾಲೆಯ ಕಮೋಗಿ ತಂಡದಲ್ಲಿ. ಅದೇ, ಅಗಲ ತುದಿಯ ಕೋಲಿನಲ್ಲಿ ಚೆಂಡನ್ನು ತಲೆಯ ಮಟ್ಟಕ್ಕೆ ಬಾರಿಸುವ ಹುಡುಗಿಯರ ಆಟ. ನಿನ್ನ ಮಗ ತೇಜು ಅದನ್ನು ನೋಡಿ ಹೆದರಿ ಕಾರಿನೊಳಗೆ ಕೂತುಬಿಟ್ಟಿದ್ದನಲ್ಲ.

ಉಪ ಪ್ರಾಂಶುಪಾಲೆ ನನ್ನ ಹತ್ತಿರ ಬಂದು ಬಹಳ ಮೃದುವಾಗಿ, "ನಿಮ್ಮ ಮೇಜು ಯಾಕೋ ಒಂಟಿ ಕಾಣ್ತಿದೆಯಲ್ಲ. ಸಿಂಧು ಅಪ್ಪನ ಪಕ್ಕ ನಿಂತ್ರೆ ಫೋಟೋ ಚೆನ್ನಾಗಿ ಬರತ್ತೆ" ಅಂದರು. ಮೇಡಂ ಹೇಳಿದ ಮೇಲೆ ಮುಗಿಯಿತು. ಮೇಷ್ಟ್ರು ಎದುರಿಗೆ ಬಂದರೆ ಸೈಕಲ್ಲಿಂದ ಇಳಿಯುವ ಜನ ನಾವು. ಹೋಗಿ ಮಗಳ ಮೊಣಕೈ ಹಿಡಿದು ಐರ್ಲೆಂಡಿನಿಂದ ಭಾರತಕ್ಕೆ ಕರೆತಂದೆ. ದಾರಿಯಲ್ಲಿ ಯಾರೂ ವೀಸಾ ಕೇಳಲಿಲ್ಲ. ಅವಳೂ ಬಂದಳು, ಮುಖವನ್ನು ಮಾತ್ರ ಅಲ್ಲೇ ಬಿಟ್ಟು.

ಸ್ವಲ್ಪ ಹೊತ್ತಿಗೆ ಅವಳ ತರಗತಿಯ ಹುಡುಗನೊಬ್ಬ ಬಂದ, ಸಮೋಸ ತೆಗೆದುಕೊಂಡ, ಕಚ್ಚಿದ, ಅಂದ: "ಈಗ ಸರಿಯಾದ ಟೇಬಲ್‌ಗೆ ಬಂದೆ ನೋಡು. ಏರ್‌ಪೋರ್ಟ್ ಬಸ್ಸು ಹೊರಗಡೆ ನಿಲ್ಲತ್ತೆ." ಜೊತೆಯವರು ನಕ್ಕರು. ಅಭ್ಯಾಸಬಲದಿಂದ ನಾನೂ ನಕ್ಕೆ. ಸಿಂಧು ನಗಲಿಲ್ಲ. ಪುದೀನಾ ಚಟ್ನಿಯ ಬೋಗುಣಿ ಎತ್ತಿ ಅವನ ಬಿಳಿ ಅಂಗಿಯ ಮೇಲೆ ಸುರಿದಳು. ಅವಸರವಿಲ್ಲದೆ, ಅಭಿಷೇಕದ ಹಾಗೆ.

ಆಗ ಈ ನಿಮ್ಮ ಭಾಷಣಕಾರ ಏನು ಮಾಡಿದ? ಟಿಶ್ಯೂ ತಂದು ಹುಡುಗನ ಅಂಗಿ ಒರೆಸಿದ. ಒರೆಸುತ್ತ ಸಾರಿ, ಕ್ಷಮಿಸುವವರೆಗೆ ಸಾರಿ. ಮರುದಿನ ಮೈಸೂರುಪಾಕಿನ ಡಬ್ಬಿ ಹಿಡಿದು ಪ್ರಾಂಶುಪಾಲರ ಕೋಣೆಗೆ ಹೋದ. ಹೋದದ್ದು ದೂರು ಕೊಡಲೆಂದೇ, ಆದರೆ ಬರಿಗೈಲಿ ಮೇಷ್ಟ್ರ ಎದುರಿಗೆ ಹೋಗುವುದು ಹೇಗೆ? ಅವರು ಕೂತ್ಕೊಳ್ಳಿ ಅನ್ನುವ ತನಕ ನಿಂತಿದ್ದೆ. ಡಬ್ಬಿ ನೋಡಿ ಅವರು ಬಹಳ ಖುಷಿಪಟ್ಟರು. ಸಿಂಧುಗೆ ಎರಡು ದಿನ ಸಸ್ಪೆನ್ಷನ್, ಹುಡುಗನಿಗೆ 'ಕರೆದು ಒಂದು ಮಾತು'. ಅವನದು ಬರೀ ಸ್ಲಾಗಿಂಗ್ ಅಂತೆ. ಸ್ನೇಹಿತರು ಒಬ್ಬರನ್ನೊಬ್ಬರು ರೇಗಿಸುವುದಕ್ಕೆ ಇಲ್ಲಿ ಆ ಹೆಸರು. ನಾನು "ಆಫ್ ಕೋರ್ಸ್, ಆಫ್ ಕೋರ್ಸ್" ಅಂದೆ.

ಒಂದೇ ತೊಡಕು. ಸಸ್ಪೆನ್ಷನ್ ಆದವರು ಆ ಟರ್ಮ್ ಮುಗಿಯುವ ತನಕ ಶಾಲೆಯ ತಂಡದಲ್ಲಿ ಆಡುವಂತಿಲ್ಲ. ಇವರ ಕಮೋಗಿ ತಂಡ ಫೈನಲ್ ಮುಟ್ಟಿದೆ, ಮಾರ್ಚ್ ೨೨ಕ್ಕೆ ಪಂದ್ಯ. ಅದಕ್ಕೆ ಪ್ರಾಂಶುಪಾಲರೇ ದಾರಿ ತೋರಿಸಿದರು: 'ವಿಷಯ ಸೌಹಾರ್ದದಿಂದ ಮುಗಿದಿದೆ, ಮುಂದುವರಿಸುವುದಿಲ್ಲ' ಎಂಬ ಒಂದು ಹಾಳೆಗೆ ನಾವು ಸಹಿ ಮಾಡಿದರೆ ಸಸ್ಪೆನ್ಷನ್ ಅಳಿಸಿಹಾಕುತ್ತಾರೆ, ಮಗಳು ಆಡುತ್ತಾಳೆ. ಹಾಳೆ ಫ್ರಿಜ್ ಮೇಲೆ ಮ್ಯಾಗ್ನೆಟ್ಟಿನ ಕೆಳಗಿದೆ. ಪೆನ್ನು ಹುಡುಕುತ್ತಿದ್ದೇನೆ ಅಂದಾಗ ನೀನು ಹೇಡಿ ಅಂದದ್ದು.

ಇಲ್ಲಿ ಮಳೆಯೇ ಮನೆಯೊಡೆಯ, ನಾವು ಬಾಡಿಗೆಗಿದ್ದು ಹಿಡಿವುದು ಕೊಡೆಯ.

ನಿನ್ನ ಅಣ್ಣ,
ಸುಬ್ರಾಯ


ಕ್ಲಾಂಡಾಲ್ಕಿನ್
೧೩ ಫೆಬ್ರವರಿ ೨೦೨೫, ಗುರುವಾರ, ಬೆಳಿಗ್ಗೆ ಹನ್ನೊಂದು

ಅಣ್ಣಾ,

ನಿನ್ನ ಕಾಗದ ಓದಿ ನಕ್ಕೆ. ನಕ್ಕಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು. ಹೇಡಿ ಅಂದದ್ದು ವಾಪಸ್ಸು, ಆದರೆ ಸಾಲವಾಗಿ. ಬೇಕಾದಾಗ ಮತ್ತೆ ತಗೋತೀನಿ.

ಸಹಿ ಮಾಡಬೇಡ. ಮೊದಲು ಹೋಗಿ ಒಂದು ಪ್ರಶ್ನೆ ಕೇಳು: ಆ ಹುಡುಗ ಆಡಿದ ಮಾತನ್ನ ಶಾಲೆ ಏನಂತ ಬರ್ಕೊಂಡಿದೆ? ಮಗು ಏನು ಸುರೀತು ಅನ್ನೋದು ಎಲ್ಲರಿಗೂ ಗೊತ್ತು. ಅವನು ಏನು ಸುರಿದ ಅನ್ನೋದು ಎಲ್ಲಿದೆ? ಈ ಸಲ ಕೈಯಲ್ಲಿ ಏನೂ ಹಿಡಿದು ಹೋಗಬೇಡ, ನಿನ್ನ ದಮ್ಮಯ್ಯ. ಬಾಳೆಹಣ್ಣನ್ನೂ.

ಬೀದಿ ಭಾಷಣ ಅಂತೀಯಲ್ಲ, ನಾವು ಒಂದಷ್ಟು ಮೇಷ್ಟ್ರುಗಳು, ಅಪ್ಪ ಅಮ್ಮಂದಿರು ಸೇರಿ ಕೇಳ್ತಿರೋದು ಆಕಾಶದಲ್ಲಿರೋ ಚಂದ್ರನನ್ನಲ್ಲ. ಬಣ್ಣದ ಮೇಲೆ ಆಡಿದ ಮಾತನ್ನ ಬಣ್ಣದ ಮೇಲೆ ಆಡಿದ ಮಾತು ಅಂತಲೇ ಬರೀರಿ. ಅದರ ತೀರ್ಪನ್ನ ಶಾಲೆಯೇ ಕೊಟ್ಕೋಬೇಡಿ, ಹೊರಗಿನವರು ನೋಡಲಿ. ಮಕ್ಕಳನ್ನ ಬಾವುಟದ ಕೆಳಗೆ ನಿಲ್ಲಿಸಿ ತಿಂಡಿ ಹಂಚಿಸೋದು ಬಿಟ್ಟು, ಅವರು ಇಲ್ಲಿಗೆ ಹೇಗೆ ಬಂದ್ರು, ಇಲ್ಲಿಯವರು ಎಲ್ಲೆಲ್ಲಿಗೆ ಹೋದ್ರು ಅನ್ನೋದನ್ನ ಪಾಠದೊಳಗೆ ತನ್ನಿ. ಮೇಷ್ಟ್ರು ಕೆಲಸಕ್ಕೆ ಬೇರೆ ಬೇರೆ ಮುಖಗಳನ್ನ ತಗೊಳ್ಳಿ. ನನ್ನ ತರಗತಿಯಲ್ಲಿ ಇಪ್ಪತ್ತು ಭಾಷೆ ಮಾತಾಡೋ ಮಕ್ಕಳಿದ್ದರು. ಸ್ಟಾಫ್‌ರೂಮಿನಲ್ಲಿ ಬೆಳ್ಳಗಿಲ್ಲದ್ದು ನಾನು ಮತ್ತು ಕಾಫಿ.

ಇನ್ನೊಂದು. ಹಾಸನದ ಕಾಲೇಜಿನ ಮೊದಲ ದಿನ ಫಿಸಿಕ್ಸ್ ಲೆಕ್ಚರರ್ "ಕನ್ನಡ ಮೀಡಿಯಂನವರು ಕೈ ಎತ್ತಿ" ಅಂದು, ಎತ್ತಿದವರನ್ನೆಲ್ಲ ಹಿಂದಿನ ಬೆಂಚಿಗೆ ಕಳಿಸಿದ್ರಂತಲ್ಲ. ನೀನು ಮನೆಗೆ ಬಂದು ಅದನ್ನೇ ಪ್ರಾಸ ಕಟ್ಟಿ ಹಾಡಿದೆ. ಅಮ್ಮ ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕರು. ನಿಂಗೆ ಅದು ತಮಾಷೆಯೇ ಆಗಿತ್ತು ಅಂತ ಇಷ್ಟು ವರ್ಷ ನಂಬಿದ್ದೆ.

ಸಿಂಧುಗೆ ಮುತ್ತು. ಅತ್ತಿಗೆಗೆ ನಮಸ್ಕಾರ, ತೀರ್ಪು ಒಳ್ಳೇದಿತ್ತು.

ಮಧು


ಗಾಲ್ವೇ
೨೩ ಫೆಬ್ರವರಿ ೨೦೨೫, ಭಾನುವಾರ

ಸುಧಾರಣಾ ಸಮಿತಿಯ ಘನ ಅಧ್ಯಕ್ಷೆಯೇ, ಕಾಫಿ ಬಣ್ಣದ ಸದಸ್ಯರೇ,

ಬರಿಗೈಲಿ ಹೋದೆ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಜೇಬಿನಲ್ಲಿಟ್ಟೆ. ಜೀವಮಾನದಲ್ಲಿ ಮೊದಲ ಸಲ ಒಬ್ಬ ಮೇಷ್ಟ್ರ ಮುಂದೆ ಜೇಬಿನಲ್ಲಿ ಕೈ. ನಿನ್ನ ಪ್ರಶ್ನೆ ಕೇಳಿದೆ. ಪ್ರಾಂಶುಪಾಲರು ಒಳ್ಳೆಯ ಮನುಷ್ಯ, ಇದನ್ನು ನಾನು ವ್ಯಂಗ್ಯಕ್ಕೆ ಹೇಳುತ್ತಿಲ್ಲ. ಕಂಪ್ಯೂಟರ್ ಪರದೆ ನನ್ನ ಕಡೆಗೇ ತಿರುಗಿಸಿದರು.

ಅದರಲ್ಲಿ ತಪ್ಪುಗಳಿಗೆಲ್ಲ ಮೊದಲೇ ಹೆಸರು ಕೊಟ್ಟಿಟ್ಟಿದ್ದಾರೆ, ಮೇಷ್ಟ್ರು ಒಂದನ್ನು ಆರಿಸಬೇಕು ಅಷ್ಟೇ. ತಡವಾಗಿ ಬರುವುದು, ಸಮವಸ್ತ್ರ, ಮೊಬೈಲು, ಧೂಮಪಾನ, ಕಾರಿಡಾರಿನಲ್ಲಿ ಓಟ. ನಮ್ಮ ಘಟನೆಗೆ ಆರಿಸಿದ್ದು 'ಆಹಾರಕ್ಕೆ ಸಂಬಂಧಿಸಿದ ಅಶಿಸ್ತು'.

"ಹುಡುಗ ಹೇಳಿದ್ದು?" ಅಂದೆ.

"ಅದಕ್ಕೆ ಇದರಲ್ಲಿ ಹೆಸರಿಲ್ಲ, ಮಿಸ್ಟರ್ ಸುಬ್ರಾಯ. ಇರೋದನ್ನ ಮಾತ್ರ ಆರಿಸೋಕೆ ಆಗತ್ತೆ."

"ಹಾಗಾದ್ರೆ ಈ ಶಾಲೆಯಲ್ಲಿ ಇದುವರೆಗೆ ಅಂಥದ್ದು ಒಂದೂ ಆಗಿಲ್ಲ."

"ದಾಖಲೆ ಪ್ರಕಾರ ಒಂದೂ ಇಲ್ಲ," ಅಂದರು. ಅವರ ಮುಖದಲ್ಲಿ ನಿಜವಾದ ಸಮಾಧಾನವಿತ್ತು.

ಪಾರ್ಕ್‌ಮೋರಿನ ನಮ್ಮ ಕಾರ್ಖಾನೆಯಲ್ಲಿ ಹೃದಯದೊಳಗೆ ತೂರಿಸುವ ಸಣ್ಣ ನಳಿಕೆ ಮಾಡುತ್ತೇವಲ್ಲ, ಅದರಲ್ಲಿ ಗುಳ್ಳೆ ಬಂದರೆ ಅದಕ್ಕೊಂದು ಕೋಡ್, ಗೀರು ಬಿದ್ದರೆ ಇನ್ನೊಂದು. ಕೋಡ್ ಇಲ್ಲದ ದೋಷ ಕಂಡರೆ ಕೋಡ್ ಹುಟ್ಟುವ ತನಕ ಲೈನ್ ನಿಲ್ಲಿಸುತ್ತೇವೆ. ಇದನ್ನು ಅವರಿಗೆ ಹೇಳಿದೆ. "ಬಹಳ ಸ್ವಾರಸ್ಯವಾಗಿದೆ" ಅಂದು ಗಡಿಯಾರ ನೋಡಿದರು. ಗುಳ್ಳೆಗುಂಟು ಹೆಸರು, ಗಾಯಕ್ಕಿಲ್ಲ ಉಸಿರು.

ಸಿಂಧು ಈಗ ದಿನಾ ಶಾಲೆಗೆ ಹೋಗುತ್ತಿದ್ದಾಳೆ. ಸಂಜೆ ನೀವ್ ಬರುತ್ತಾಳೆ, ಇಬ್ಬರೂ ಹಿಂದಿನ ಗೋಡೆಗೆ ಚೆಂಡು ಬಾರಿಸುತ್ತಾರೆ, ಪಕ್ಕದ ಮನೆಯವರು ಕಿಟಕಿಯಲ್ಲಿ ನೋಡುತ್ತಾರೆ. ಆಡುತ್ತಾಳೋ ಇಲ್ಲವೋ ಗೊತ್ತಿಲ್ಲದ ಫೈನಲ್ಲಿಗೆ ಅಭ್ಯಾಸ.

ಹಾಳೆಗೆ ಸಹಿ ಆಗಿಲ್ಲ. ಪೆನ್ನು ಸಿಕ್ಕಿದೆ, ಮಗಳು ಒಪ್ಪುತ್ತಿಲ್ಲ. "ಆ ಮಾತನ್ನ ಮಾತು ಅಂತ ಬರೆಯೋ ತನಕ ಸಹಿ ಬೇಡ" ಅಂತ ಅವಳ ಹಟ. ನನಗಾದರೆ ಎರಡು ನಿಮಿಷದ ಕೆಲಸ, ಆದರೆ ಹದಿನಾಲ್ಕು ವರ್ಷದವಳ ಎದುರು ಅಪ್ಪನದೇನು ನಡೆಯುತ್ತದೆ? ನಿಮ್ಮ ಸಮಿತಿಗೆ ಹೊಸ ಸದಸ್ಯೆ ಸಿಕ್ಕಿದಳು ಅಂದುಕೋ.

ಮೊನ್ನೆ ಕೇಳಿದಳು, ಇಲ್ಲಿಯ ಮಕ್ಕಳ ಹಾಗೆ ಅಪ್ಪನನ್ನು ಡಾ ಅಂದು: "ಡಾ, ನಿಮ್ ಸ್ಕೂಲಲ್ಲಿ ಹೀಗೆ ಟೇಬಲ್ಸ್ ಇತ್ತಾ?" ಇಲ್ಲಮ್ಮ, ನಾವು ನೆಲದ ಮೇಲೆ ಕೂರುತ್ತಿದ್ದೆವು ಅಂದೆ.

ಅದಿರಲಿ, ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಗಣಿತದ ಮೇಡಂ ಮನೆಯಲ್ಲಿ ಕೂತು ಕಾಗದ ಬರೆಯುತ್ತಾರಲ್ಲ, ನಿಮ್ಮ ಶಾಲೆಗೆ ಮಿಡ್‌ಟರ್ಮ್ ರಜ ಒಂದು ವಾರ ಮೊದಲೇ ಬಂತೇ? ಡಬ್ಲಿನ್ನಿನವರ ಪುಣ್ಯ.

ಸುಬ್ರಾಯ


ಕ್ಲಾಂಡಾಲ್ಕಿನ್
೪ ಮಾರ್ಚ್ ೨೦೨೫, ಮಂಗಳವಾರ

ಅಣ್ಣಾ,

'ಆಹಾರಕ್ಕೆ ಸಂಬಂಧಿಸಿದ ಅಶಿಸ್ತು' ಅಂತ ನಮ್ಮ ಗುಂಪಿನ ಸಭೆಯಲ್ಲಿ ಓದಿದೆ. ಮೊದಲು ಎಲ್ಲರೂ ನಕ್ಕರು. ಆಮೇಲೆ ಒಬ್ಬೊಬ್ಬರೂ ತಮ್ಮ ತಮ್ಮ ಶಾಲೆಯಲ್ಲಿ ಏನಂತ ಆರಿಸಿದ್ರು ಅಂತ ಹೇಳೋಕೆ ಶುರು ಮಾಡಿದ್ರು. 'ಗದ್ದಲ'. 'ಆಟದ ಮೈದಾನ'. ಒಬ್ಬ ನೈಜೀರಿಯಾದ ತಾಯಿ ಹೇಳಿದ್ದು: ಅವಳ ಮಗನ ಕೂದಲು ಹಿಡಿದೆಳೆದದ್ದಕ್ಕೆ 'ಸಮವಸ್ತ್ರ'. ನಗು ನಿಂತಿತು.

ಸಿಂಧು ಬಗ್ಗೆ ನಂಗೆ ಎಷ್ಟು ಹೆಮ್ಮೆ ಗೊತ್ತಾ? ಕಳೆದ ವಾರ ಅವಳೇ ಮೆಸೇಜ್ ಮಾಡಿದ್ಲು: ಅತ್ತೆ, ವಿಲ್ ಯೂ ಟಾಕ್ ಟು ಡಾ? ಪಾಪ, ನಿನ್ನ ಮೇಲೆ ನಂಬಿಕೆ ಇಲ್ಲ ಅವಳಿಗೆ. ಮೈಸೂರುಪಾಕು ಹಿಡಿದು ಹೋದವನು ಕೊನೇ ಗಳಿಗೆಯಲ್ಲಿ ಸಹಿ ಜಡಿದುಬಿಟ್ಟಾನು ಅಂತ ಹೆದರಿಕೆ. ನಾನು "ನೀನು ಚಿಂತೆ ಮಾಡ್ಬೇಡ ಪುಟ್ಟಿ, ಅವನು ಸಹಿ ಮಾಡದ ಹಾಗೆ ನೋಡ್ಕೊಳ್ಳೋದು ನನ್ನ ಕೆಲಸ" ಅಂತ ಬರೆದೆ. ಒಂದು ಹೆಬ್ಬೆರಳು ಕಳಿಸಿದ್ಲು.

ಈಗ ವಿಷಯ ಶಾಲೆಯ ಬೋರ್ಡ್ ಮುಂದೆ, ಅಂದ್ರೆ ಆಡಳಿತ ಮಂಡಳಿ ಮುಂದೆ ಹೋಗಬೇಕು. ಪ್ರಾಂಶುಪಾಲರ ಒಳ್ಳೇತನ ಸಾಕಾಗಲ್ಲ, ನಿಯಮ ಬೇಕು. ಮಾತಾಡೋಕೆ ಸಮಯ ಕೇಳು. ಕೋಡ್ ಹುಟ್ಟೋ ತನಕ ಲೈನ್ ನಿಲ್ಲಿಸ್ತೀವಿ ಅಂದೆಯಲ್ಲ, ಅದನ್ನೇ ಹೇಳು. ಪ್ರಾಸ ಇಲ್ಲದೆ.

ನೆಲದ ಮೇಲೆ ಕೂರುತ್ತಿದ್ದೆವು ಅಂದೆಯಾ? ಎಲ್ಲಿ ಅಂತ ಹೇಳಿದೆಯಾ? ನಾವು ಕರಿಹಲಗೆ ಮುಂದೆ. ಕೆಳಗಿನ ಕೇರಿಯ ಮಕ್ಕಳು ಬಾಗಿಲ ಹತ್ತಿರ, ಚಪ್ಪಲಿಗಳ ಪಕ್ಕ. ಅಲ್ಲೇ ಕೂರಿ ಅಂತ ಯಾರೂ ಹೇಳಿದ್ದನ್ನ ನಾನು ಕೇಳಿಲ್ಲ. ಗಾಳಿ ಬರತ್ತೆ ಅಂತ ಕೂರ್ತಾರೆ ಅಂದ್ಕೊಂಡಿದ್ದೆ. ನಮ್ಮ ಹಾಜರಿ ಪುಸ್ತಕದಲ್ಲೂ ಅದಕ್ಕೆ ಹೆಸರಿರಲಿಲ್ಲ. ಬೋರ್ಡಿಗೆ ಹೋಗೋ ಮೊದಲು ಅದನ್ನೂ ಸಿಂಧುಗೆ ಹೇಳು. ನಾವೇನು ಬೇರೆ ಲೋಕದಿಂದ ತೊಳೆದುಕೊಂಡು ಬಂದವರಲ್ಲ.

ಮಧು


ಗಾಲ್ವೇ
೯ ಮಾರ್ಚ್ ೨೦೨೫, ಭಾನುವಾರ

ಮಧು,

ಭಾಷಣದ ಸಭೆಯನ್ನು ಈ ವಾರ ಮುಂದೂಡಲಾಗಿದೆ.

ನಿನ್ನೆ ಕಾರಿನ ಇನ್ಶೂರೆನ್ಸ್ ವಿಚಾರ ಕೇಳಲು ನಿನ್ನ ಗಂಡ ಹೇಮಚಂದ್ರನಿಗೆ ಫೋನ್ ಮಾಡಿದ್ದೆ. ಮಾತಿನ ಮಧ್ಯೆ ಅವನು, "ಮಧು ಮನೇಲೇ ಇರೋದ್ರಿಂದ ತೇಜುನ ಕರ್ಕೊಂಡು ಬರೋದು ಈಗ ಸಲೀಸು" ಅಂದ. ಆಮೇಲೆ ಕೆಮ್ಮಿದ. ಆಮೇಲೆ ಇನ್ಶೂರೆನ್ಸ್ ಬಗ್ಗೆ ಅಗತ್ಯಕ್ಕಿಂತ ಹೆಚ್ಚು ಹೇಳಿದ.

ನಾನು ಮಿಡ್‌ಟರ್ಮ್ ಅಂತ ಕೇಳಿದೆ. ನೀನು ನೈಜೀರಿಯಾದ ತಾಯಿಯ ಬಗ್ಗೆ ಬರೆದೆ, ಚಪ್ಪಲಿಗಳ ಬಗ್ಗೆ ಬರೆದೆ, ಇದನ್ನು ಬಿಟ್ಟೆ. ನಿನ್ನ ಮೊದಲ ಕಾಗದ ತೆಗೆದು ನೋಡಿದರೆ, 'ನನ್ನ ತರಗತಿಯಲ್ಲಿ ಇಪ್ಪತ್ತು ಭಾಷೆ ಮಾತಾಡೋ ಮಕ್ಕಳಿದ್ದರು' ಅಂತಿದೆ. ಇದ್ದರು.

ಚಪ್ಪಲಿಗಳ ಮಾತನ್ನು ಸಿಂಧುಗೆ ಹೇಳಿದೆ. "ಅವರ ಹೆಸರು ನೆನಪಿದೆಯಾ?" ಅಂದಳು. ಒಂದು ನೆನಪಾಯಿತು. ಒಂದೇ.

ಬೋರ್ಡ್ ಸಭೆ ೨೦ನೇ ತಾರೀಕು ಗುರುವಾರ. ನಮಗೆ ಹತ್ತು ನಿಮಿಷ ಕೊಟ್ಟಿದ್ದಾರೆ, ಸಿಂಧು ಬೇಕಾದರೆ ಬರಬಹುದಂತೆ. ಫೈನಲ್ ಅದಾದ ಮೇಲಿನ ಶನಿವಾರ.

ಕೆಲಸಕ್ಕೆ ಏನಾಯಿತು?

ಅಣ್ಣ


ಕ್ಲಾಂಡಾಲ್ಕಿನ್
೧೨ ಮಾರ್ಚ್ ೨೦೨೫, ಬುಧವಾರ

ಅಣ್ಣಾ,

ಹೇಮಚಂದ್ರನಿಗೆ ಗುಟ್ಟು ಇಟ್ಕೊಳ್ಳೋಕೆ ಬರಲ್ಲ. ಮದುವೆಗೆ ಮುಂಚೆಯೇ ಗೊತ್ತಿತ್ತು.

ಕಳೆದ ವರ್ಷ ಸ್ಟಾಫ್ ಮೀಟಿಂಗಿನಲ್ಲಿ ನಾನೂ ಇದನ್ನೇ ಕೇಳಿದ್ದೆ. ಮಕ್ಕಳ ಬಣ್ಣ ಎತ್ತಿ ಆಡೋ ಮಾತನ್ನ ಬೇರೆಯಾಗಿ ಬರೆದಿಡೋಣ ಅಂತ. ಯಾರೂ ಜಗಳ ಆಡಲಿಲ್ಲ. ಎಲ್ಲರೂ ತಲೆ ಆಡಿಸಿದ್ರು. ಒಬ್ಬರು ಬಿಸ್ಕತ್ತು ಕೊಟ್ರು. ಸೆಪ್ಟೆಂಬರಿನಲ್ಲಿ ಟೈಮ್‌ಟೇಬಲ್ ಬಂದಾಗ ನನ್ನ ಪಾಠದ ಗಂಟೆಗಳು ಮೂರರಲ್ಲೊಂದು ಆಗಿದ್ವು. ಕ್ರಿಸ್‌ಮಸ್ ಆದಮೇಲೆ ಅವೂ ಇಲ್ಲ. "ನಿನ್ನ ಹೆಸರು ಮನಸ್ಸಲ್ಲಿ ಇಟ್ಕೊಂಡಿರ್ತೀವಿ, ಮಧು" ಅಂದ್ರು. ಯಾರೂ ಕೆಟ್ಟ ಮಾತಾಡಿಲ್ಲ. ಆ ಮಾತಿಗೂ ಈ ಗಂಟೆಗೂ ಸಂಬಂಧ ಇದೆ ಅಂತ ಸಾಬೀತು ಮಾಡು ಅಂದ್ರೆ ನಂಗೆ ಆಗಲ್ಲ. ಇರಬಹುದು, ಇಲ್ಲದೇ ಇರಬಹುದು. ಅದೇ ಕಷ್ಟ.

ನಿಂಗೆ ಹೇಳಲಿಲ್ಲ. ಹೇಳಿದ್ರೆ ನೀನು ಮಾರನೇ ದಿನವೇ ಸಹಿ ಮಾಡ್ತಿದ್ದೆ. "ನೋಡು, ಬಾಯಿ ಬಿಟ್ಟವರಿಗೆ ಏನಾಗತ್ತೆ" ಅಂತ ಒಂದು ಪ್ರಾಸ ಬೇರೆ ಬರ್ತಿತ್ತು.

ಈಗ ಹೇಳಿದ್ದೀನಲ್ಲ, ಇನ್ನೊಂದನ್ನೂ ಹೇಳಿಬಿಡ್ತೀನಿ. ನಿನ್ನೆ ಸಿಂಧು ಮೆಸೇಜನ್ನ ಮತ್ತೆ ತೆಗೆದು ಓದಿದೆ. ಅದರಲ್ಲಿ 'ಸಹಿ ಮಾಡದ ಹಾಗೆ ನೋಡ್ಕೊಳ್ಳಿ' ಅಂತ ಎಲ್ಲೂ ಇಲ್ಲ. ಅಪ್ಪನ ಹತ್ರ ಮಾತಾಡ್ತೀರಾ ಅಂತ ಇದೆ, ಅಷ್ಟೇ. ಮಿಕ್ಕಿದ್ದನ್ನ ನಾನು ಸೇರಿಸಿಕೊಂಡು ಓದಿದ್ದೆ.

ನನ್ನ ಗಂಟೆಗಳು ಹೋದದ್ದು ನಾನು ಬಾಯಿ ಬಿಟ್ಟಿದ್ದಕ್ಕೇ ಅಂತಿಟ್ಟುಕೋ. ಅದು ನಾನು ಆರಿಸಿಕೊಂಡದ್ದು, ನಂಗೆ ಪಶ್ಚಾತ್ತಾಪ ಇಲ್ಲ. ಅವಳ ಪಂದ್ಯ ಹೋಗೋದಾದ್ರೆ ಅದೂ ಅವಳೇ ಆರಿಸಿಕೊಂಡದ್ದು ಆಗಿರಬೇಕು. ನನ್ನ ಸಮಿತಿಗೋಸ್ಕರ ಅಲ್ಲ, ನಿನ್ನ ಹೊಸ ಹುರುಪಿಗೋಸ್ಕರ ಅಲ್ಲ. ಸಹಿ ಮಾಡಿ ಆಡಿಸೋದಾದ್ರೆ ಆಡಿಸು, ನಾನು ಹೇಡಿ ಅನ್ನಲ್ಲ. ನಿಯಮಕ್ಕೋಸ್ಕರ ಮುಂದಿನ ವರ್ಷವೂ ಹೊಡೆದಾಡಬಹುದು, ಬೇರೆ ಕಡೆಯಿಂದ.

ಅವಳನ್ನ ಕೂರಿಸಿಕೊಂಡು ಕೇಳಿದೆಯಾ?

ಮಧು


ಕ್ಲಾಂಡಾಲ್ಕಿನ್
೧೮ ಮಾರ್ಚ್ ೨೦೨೫, ಮಂಗಳವಾರ

ಅಣ್ಣಾ,

ಉತ್ತರ ಬಂದಿಲ್ಲ. ಫೋನ್ ಎತ್ತುತ್ತಿಲ್ಲ. ಅತ್ತಿಗೆಗೆ ಮಾಡಿದ್ರೆ, "ಕಾಗದದಲ್ಲೇ ಕೇಳಮ್ಮ, ನಾನು ಮಧ್ಯೆ ಬರಲ್ಲ" ಅಂದ್ರು. ಅವರ ದನಿ ಚೆನ್ನಾಗಿರಲಿಲ್ಲ.

ಅವಳನ್ನ ಕೇಳಿದೆಯಾ?

ಮಧು


ಗಾಲ್ವೇ
೨೩ ಮಾರ್ಚ್ ೨೦೨೫, ಭಾನುವಾರ

ಮಾನ್ಯ ಸಭಿಕರೇ,

ದಿನಾಂಕ ೨೦ರ ಗುರುವಾರ ಸಂಜೆ ಶಾಲೆಯ ಗ್ರಂಥಾಲಯದಲ್ಲಿ ನಡೆದ ಬೋರ್ಡ್ ಸಭೆಯ ವರದಿಯನ್ನು ತಮ್ಮ ಮುಂದೆ ಮಂಡಿಸುತ್ತಿದ್ದೇನೆ.

ಉಪಸ್ಥಿತರು: ಬೋರ್ಡಿನ ಎಂಟು ಮಂದಿ, ಈ ವರದಿಗಾರ, ವರದಿಗಾರನ ಮಗಳು. ಶಕುಂತಲಾ ತಾನು ಕೆಲಸ ಮಾಡುವ ಲ್ಯಾಬಿನಲ್ಲಿ ಡ್ಯೂಟಿ ಹಾಕಿಸಿಕೊಂಡಿದ್ದಳು. ರಜ ಕೇಳಲಿಲ್ಲ, ನಾನು ಕೇಳು ಅನ್ನಲಿಲ್ಲ. ಚಹಾ ಇತ್ತು. ಸಿಂಧು ಸಮವಸ್ತ್ರದಲ್ಲಿ, ಕೂದಲು ಬಿಗಿದು ಕಟ್ಟಿ, ನನ್ನ ಎಡಗಡೆ ಕೂತಿದ್ದಳು.

ನೀನು ಹೇಳಿಕೊಟ್ಟಂತೆ ಪ್ರಾಸವಿಲ್ಲದೆ ಮಾತಾಡಿದೆ. ಹುಡುಗ ಆಡಿದ ಮಾತನ್ನು ಅವನು ಆಡಿದ ಹಾಗೆಯೇ ಓದಿದೆ. ಹೆಸರಿಲ್ಲದ ದೋಷ ಕಂಡರೆ ಲೈನ್ ನಿಲ್ಲಿಸಬೇಕು ಅಂದೆ. ಬಾವುಟದ ಕೆಳಗೆ ಮಕ್ಕಳನ್ನು ನಿಲ್ಲಿಸುವುದನ್ನು ಬಿಡಿ ಅಂದೆ. ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಂಡೆ. ಮುಗಿದ ಮೇಲೆ ಬೋರ್ಡಿನ ಹಿರಿಯರಾದ, ಎಂಬತ್ತು ದಾಟಿದ, ಕಾನ್ವೆಂಟಿನ ನಿವೃತ್ತ ಸಿಸ್ಟರ್ ಒಬ್ಬರು ಪ್ರೀತಿಯಿಂದ, "ನಾವು ಚಿಕ್ಕವರಿದ್ದಾಗ ಶಾಲೆಯಲ್ಲಿ ನಿಮ್ಮಂಥ ಮಕ್ಕಳಿಗೋಸ್ಕರ ಪೆನ್ನಿ ಕಾಸು ಕೂಡಿಸ್ತಿದ್ದೆವು ಗೊತ್ತಾ?" ಅಂದರು. "ತಲುಪಲಿಲ್ಲ ಸಿಸ್ಟರ್," ಅಂದೆ. ಅವರು ನಕ್ಕರು. ಆಮೇಲೆ ನಗು ನಿಲ್ಲಿಸಿ ನನ್ನನ್ನು ನೋಡಿದರು. ಆ ನಂತರ ನಡೆದ ಚರ್ಚೆಯಲ್ಲಿ, "ಆ ಹುಡುಗ ಅಂದದ್ದಕ್ಕೆ ಒಂದು ಹೆಸರಿದೆ, ನಮಗೆಲ್ಲರಿಗೂ ಅದು ಗೊತ್ತಿದೆ" ಅಂದವರು ಅವರೊಬ್ಬರೇ.

ಅಂಗೀಕಾರವಾದ ನಿರ್ಣಯಗಳು: ಕಂಪ್ಯೂಟರಿನಲ್ಲಿ ಹೊಸ ಹೆಸರು ಸೇರಿಸಬಹುದೇ ಎಂಬುದನ್ನು ನೋಡಲು ಉಪಸಮಿತಿ. ಮುಂದಿನ ವರ್ಷದ ಇಂಟರ್‌ನ್ಯಾಷನಲ್ ಡೇಗೆ ಇನ್ನೂ ದೊಡ್ಡ ಹಾಲು, ಇನ್ನೂ ಹೆಚ್ಚು ಮೇಜು. ಉಪಸಮಿತಿಗೆ ನನ್ನನ್ನೂ ಕರೆದಿದ್ದಾರೆ. ಸಿಸ್ಟರ್ ಅದರಲ್ಲಿದ್ದಾರೆ. ಆದ್ದರಿಂದ ಏನೂ ಆಗಲಿಲ್ಲ ಅನ್ನುವ ಹಾಗಿಲ್ಲ, ಆಯಿತು ಅನ್ನುವ ಹಾಗೂ ಇಲ್ಲ.

ಕೊನೆಗೆ ಪ್ರಾಂಶುಪಾಲರು ಅದೇ ಹಾಳೆಯ ಇನ್ನೊಂದು ಪ್ರತಿ ಮುಂದಿಟ್ಟು, ಪೆನ್ನಿನ ಟೋಪಿ ತಾವೇ ತೆಗೆದು, "ಶನಿವಾರ ಪಂದ್ಯ ಇದೆ, ಮಿಸ್ಟರ್ ಸುಬ್ರಾಯ. ಉಪಸಮಿತಿ ಅದರ ಪಾಡಿಗೆ ಅದು ಕೆಲಸ ಮಾಡತ್ತೆ. ಇದನ್ನ ಇಲ್ಲಿಗೆ ಮುಗಿಸಿದ್ರೆ ಮಗು ಆಡಬಹುದು" ಅಂದರು. ನಾನು, "ನನ್ನ ಮಗಳು ಒಪ್ಪೋದಿಲ್ಲ" ಅಂದೆ.

ಎಲ್ಲರೂ ಸಿಂಧು ಕಡೆ ತಿರುಗಿದರು. ಸಿಸ್ಟರ್ ಕೇಳಿದರು: "ಹೌದೇನಮ್ಮಾ?"

ಸಿಂಧು ನನ್ನನ್ನು ನೋಡಿದಳು. ಆಮೇಲೆ ಅವರನ್ನು ನೋಡಿ, "ಯಾ, ಹೌದು" ಅಂದಳು.

"ಧೈರ್ಯದ ಹುಡುಗಿ," ಅಂದರು ಸಿಸ್ಟರ್. ಸಭೆ ಮುಕ್ತಾಯವಾಯಿತು.

ಶನಿವಾರದ ಪಂದ್ಯದ ವರದಿ: ಮಳೆ. ನಮ್ಮ ಶಾಲೆ ಒಂದು ಪಾಯಿಂಟಿನಿಂದ ಸೋತಿತು. ವರದಿಗಾರನ ಮಗಳು ಗೆರೆಯ ಹೊರಗೆ ನೀರಿನ ಬಾಟಲುಗಳ ಬುಟ್ಟಿ ಹಿಡಿದು ನಿಂತಿದ್ದಳು. ಎಲ್ಲರಿಗಿಂತ ಜೋರಾಗಿ ಕೂಗಿದವಳು ಅವಳೇ. ನೀವ್ ಅತ್ತಳು, ಅವಳನ್ನು ಸಮಾಧಾನ ಮಾಡಿದವಳೂ ಇವಳೇ. ಕಾರಿನಲ್ಲಿ ಹಿಂದಿನ ಸೀಟಿನಲ್ಲಿ ಕೂತಳು. ಯಾವಾಗಲೂ ಮುಂದೆ ಕೂರುತ್ತಾಳೆ. ಶಕುಂತಲಾ ಇನ್ನೂ ನನ್ನ ಜೊತೆ ಮಾತಾಡಿಲ್ಲ.

ಇಲ್ಲಿಗೆ ವರದಿ ಮುಗಿಯಿತು. ತಾಳ್ಮೆಯಿಂದ ಆಲಿಸಿದ ಸಭಿಕರಿಗೆ, ಆಸನ ಬಿಡದ ರಸಿಕರಿಗೆ…

ಮಧು, ಸಿಂಧು ಯಾವತ್ತೂ ಸಹಿ ಬೇಡ ಅಂದಿರಲಿಲ್ಲ. ಮೊದಲ ವಾರವೇ ಹಾಳೆ ತಂದು ನನ್ನ ಮುಂದಿಟ್ಟು, "ಸೈನ್ ಇಟ್, ಡಾ. ಇಟ್ಸ್ ಗ್ರ್ಯಾಂಡ್. ಐ ಜಸ್ಟ್ ವಾಂಟ್ ಟು ಪ್ಲೇ" ಅಂದಿದ್ದಳು, ಪರವಾಗಿಲ್ಲ, ನನಗೆ ಆಡಬೇಕು ಅಷ್ಟೇ ಅಂತ. ನೀನು ಕೇಳು ಅಂದ ಮೇಲೆ ಕೂರಿಸಿಕೊಂಡು ಕೇಳಿದೆ. ಅದನ್ನೇ ಹೇಳಿದಳು. ಶಕುಂತಲಾಳೂ ಕೇಳಿಸಿಕೊಂಡಳು. ಬೋರ್ಡಿನ ಮುಂದೆ ಅವಳು ಹೌದು ಅಂದದ್ದು ಶಾಲೆಯನ್ನು ಎದುರಿಸಲಿಕ್ಕಲ್ಲ, ಅಷ್ಟು ಜನರ ಎದುರು ಅಪ್ಪ ಸುಳ್ಳುಗಾರ ಆಗಬಾರದು ಅಂತ. ಆ ಹುಡುಗನ ಮೇಲೆ ಅವಳಿಗೆ ಈಗ ಸಿಟ್ಟೇ ಇಲ್ಲ. ಸಿಟ್ಟು ನನ್ನದು. ಎಷ್ಟು ವರ್ಷದ್ದೋ ನನಗೇ ಗೊತ್ತಿಲ್ಲ. ಬೇಡ ಅಂದವನು ನಾನು.